ಸಂಯೋಜಕಿಯರ ಪ್ರಕೃತಿ ಸಂಗೀತ: ಟ್ರಿಯೊ ನುಡಿಸಿದವರು ಅನುಭವ ಹೇಳಿ

ಕಾರಂಜಿಕೆರೆ: ಮೈಸೂರಿನಲ್ಲಿ ನಾವು ಮೂವರು ಹವ್ಯಾಸಿಗಳು. ವಯಲಿನ್, ಚೆಲ್ಲೊ (ಕೂತು ನುಡಿಸುವ ದೊಡ್ಡ ವಯಲಿನ್ ಥರದ್ದು), ಪಿಯಾನೊ. ಪರಿಸರ ದಿನಕ್ಕೆ ಶಾಲೆಯೊಂದರಲ್ಲಿ 20 ನಿಮಿಷ ನುಡಿಸಬೇಕು. ಹೆಂಗಸರೇ ಬರೆದದ್ದು, ಪ್ರಕೃತಿಯ ಬಗ್ಗೆಯೇ ಇರಬೇಕು ಅಂತ ಶಾಲೆಯವರ ಆಸೆ. ಅಲ್ಲಿರುವುದು ಡಿಜಿಟಲ್ ಪಿಯಾನೊ. ಚೆಲ್ಲೊದವರು ಸಂಗೀತ ಪರೀಕ್ಷೆಯಲ್ಲಿ ಇನ್ನೂ ಐದನೇ ಗ್ರೇಡ್. ಯಾವುದು ಆರಿಸಲಿ?

ಚೆಲ್ಲೊಕೂಲಿ: ನಾವು ಫ್ರಾನ್ಸಿನ ಲಿಲಿ ಬುಲಾಂಜೆಯ ‘ವಸಂತದ ಒಂದು ಬೆಳಗು’ ಹಿಡಿದೆವು. ಐದೇ ನಿಮಿಷದ್ದು ಅಲ್ವಾ ಅಂದುಕೊಂಡೆವು. ಏಳು ತಿಂಗಳು ಹೋಯಿತು. ಜುಲೈ ಮಳೆಗೆ ನನ್ನ ಚೆಲ್ಲೊದ ಕೆಳಗಿನ ಅಂಚು ಅಂಟು ಬಿಟ್ಟಿತು. ರಿಪೇರಿಗೆ 6,500. ಎ ಮತ್ತು ಡಿ ತಂತಿಗೆ 9,200. ಬೋ, ಅಂದರೆ ನುಡಿಸುವ ಕಮಾನಿನ ಕೂದಲಿಗೆ 2,800. ಅದಕ್ಕೆ ಎರಡು ಸಲ ಬಸ್ಸಿನಲ್ಲಿ ಹೋದೆ, ಮೊದಲ ಸಲ ಅಂಗಡಿ ಬಾಗಿಲು ಹಾಕಿತ್ತು. ಕಂಡಕ್ಟರ್ ಚೆಲ್ಲೊಗೆ ಮಕ್ಕಳ ಅರ್ಧ ಟಿಕೆಟ್ ಹರಿದು ಕೊಟ್ಟ. ಹೋಗುವಾಗ ಅರ್ಧ, ಬರುವಾಗ ಬೇರೆ ಕಂಡಕ್ಟರ್, ಪೂರ್ತಿ.

ಆದರೂ ಬೇಜಾರಿಲ್ಲ. ಈ ಬೆಳಗನ್ನು ಬರೆಯುವಾಗ ಆಕೆ ಹಾಸಿಗೆ ಹಿಡಿದಿದ್ದಳು. 1918ರ ಮಾರ್ಚ್‌ನಲ್ಲಿ ಹೋಗಿಬಿಟ್ಟಳು, 24 ವರ್ಷಕ್ಕೆ. ಜೊತೆಯ ‘ದುಃಖದ ಸಂಜೆ’ ಕೂಡ ಅದೇ ಸ್ವರಗಳಿಂದ ಶುರುವಾಗುತ್ತದೆ. ಒಂದೇ ರಾಗ ಬೆಳಗ್ಗೆ ಕುಣಿಯುತ್ತದೆ, ಸಂಜೆ ಕಾಲೆಳೆಯುತ್ತದೆ. ನಮ್ಮ ಕಾರ್ಯಕ್ರಮದಲ್ಲಿ ಮಾತ್ರ ಎರಡೂ ಓಡಿದವು. ಪಿಯಾನೊದವರಿಗೆ ಅವಸರ.

ಹಲಸಿನಮರ: ಅವಸರದ ಪಿಯಾನೊದವಳು ನಾನೇ. ಹೆಸರು ಹೇಳದಿದ್ದರೆ ಗೊತ್ತಾಗಲ್ಲ ಅಂದುಕೊಂಡಿರಾ? ಆವತ್ತು ಬಾಡಿಗೆಗೆ ಕೇಳಿದ್ದು 88 ಕೀಲಿಯದ್ದು, ಬಂದದ್ದು 61 ಕೀಲಿಯದ್ದು. ಬಾಡಿಗೆ 4,000, ಸಾಗಾಟಕ್ಕೆ 1,500, ಎರಡೂ ನನ್ನ ಕೈಯಿಂದ. ಎಡಗೈ ಕೆಳಗಿಳಿಸಿದರೆ ಕೀಲಿಯೇ ಇಲ್ಲ, ಬರೀ ಗಾಳಿ. ಪೆಡಲ್ ಜಾರಿ ಜಾರಿ ವಯಲಿನ್ ಹುಡುಗನ ಕಾಲ ಬಳಿ ಹೋಯಿತು. ನಾನು ಬೇಗ ಮುಗಿಸಿದ್ದಲ್ಲ, ಬದುಕಿಕೊಂಡದ್ದು.

ಫ್ರಾನ್ಸಿನವಳೇ ಆದ ಮೆಲ್ ಬೊನಿಸ್ ತಗೊಳ್ಳೋಣ ಅಂತ ನಾನು ಮೊದಲೇ ಬಡಿದುಕೊಂಡಿದ್ದೆ. ‘ಸಂಜೆ ಮತ್ತು ಬೆಳಗು’, 1907ರದ್ದು, ಇದೇ ಮೂರು ವಾದ್ಯಕ್ಕೆ. ಚಿಕ್ಕ ಚಿಕ್ಕ ಎರಡು ಭಾಗ. ಮೆಲನಿ ಅನ್ನುವ ಹೆಸರನ್ನು ಕತ್ತರಿಸಿ ಮೆಲ್ ಅಂತ ಮಾಡಿಕೊಂಡಳು, ಬರೆದದ್ದು ಹೆಂಗಸು ಅಂತ ಗೊತ್ತಾಗದಿರಲಿ ಅಂತ. ‘ಯಾರೂ ಕೇಳಿಲ್ಲದ ಹೆಸರು’ ಅಂತ ನಮ್ಮ ಚೆಲ್ಲೊ ಸಾಹೇಬರು ತಳ್ಳಿಹಾಕಿದರು.

ಹಿಮದೂರಿನ ಕನ್ನಡಿಗ: ಬೆಳಗು, ಸಂಜೆ ಅಂತ ಹೆಸರಿಟ್ಟ ಮಾತ್ರಕ್ಕೆ ಪ್ರಕೃತಿ ಆಗುತ್ತದಾ? ನಿಜವಾಗಿ ಕಾಡಿಗೆ ಕಿವಿ ಕೊಟ್ಟವಳು ಅಮೆರಿಕದ ಏಮಿ ಬೀಚ್. ನಾನಿರುವ ನ್ಯೂ ಹ್ಯಾಂಪ್‌ಷೈರ್‌ನಲ್ಲೇ, ಪೀಟರ್‌ಬರೊದ ಮ್ಯಾಕ್‌ಡವೆಲ್ ಕಾಲೊನಿ ಅನ್ನುವ ಕಲಾವಿದರ ತಂಗುದಾಣದಲ್ಲಿ, 1921ರಲ್ಲಿ ಹರ್ಮಿಟ್ ಥ್ರಷ್ ಹಕ್ಕಿಯ ಕೂಗನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡಳು. ಒಂದು ಸ್ಥಾಯಿ ಕೆಳಗಿಳಿಸಿದ್ದು ಬಿಟ್ಟರೆ ಶ್ರುತಿಯೂ ಹಕ್ಕಿಯದ್ದೇ. ಸಂಜೆಗೊಂದು, ಬೆಳಗಿಗೊಂದು, ಎರಡು ಪಿಯಾನೊ ತುಣುಕುಗಳಾದವು. ಹಕ್ಕಿಯ ಭಾಗವನ್ನು ವಯಲಿನ್‌ಗೆ ಕೊಟ್ಟು ನಾನೇ ಟ್ರಿಯೊ ಮಾಡಿದೆ. ಆ ಹಕ್ಕಿ ಕೇಳಬೇಕು ಅಂತ ಹನ್ನೊಂದು ಸಂಜೆ ಕಾಡಿನ ಅಂಚಿನಲ್ಲಿ ಕೂತೆ. ಒಂಬತ್ತು ಸಂಜೆ ಸೊಳ್ಳೆ ಮಾತ್ರ. ಹತ್ತನೆಯದಕ್ಕೆ ಉಣ್ಣೆ ಹುಳ ಕಚ್ಚಿ ಡಾಕ್ಟರ ಬಿಲ್ಲು 180 ಡಾಲರ್. ಹನ್ನೊಂದನೆಯದಕ್ಕೆ ಕೂಗಿತು. ಒಂದು ಉದ್ದ ಸ್ವರ, ಆಮೇಲೆ ಮೇಲೆ ಚಿಮ್ಮುವ ಸ್ವರಗಳ ಸುರುಳಿ. ಬೀಚ್ ಬರೆದದ್ದು ಸರಿ.

ನಾಲ್ಕನೇ ತಂತಿ: ಅದು ಒಬ್ಬರೇ ನುಡಿಸುವ ಪಿಯಾನೊ ಸೋಲೊ, ಸ್ವಾಮಿ. ನೀವು ಕತ್ತರಿಸಿ ಹಂಚಿದರೆ ಕೆಲವೇ ಜನ ಕೂಡಿ ನುಡಿಸುವ ಚೇಂಬರ್ ಸಂಗೀತ ಆಗಲ್ಲ. ಜಗಳವೇ ಬೇಡ ಅಂತ ನಾವು ಪಿಯಾನೊವನ್ನೇ ಬಿಟ್ಟೆವು. ಹಿಡಿದದ್ದು ಫಿನ್ಲೆಂಡಿನ ಕಾಯಾ ಸಾರಿಯಾಹೊ ಅವರ ‘ಕ್ಲೌಡ್ ಟ್ರಿಯೊ’, 2009ರದ್ದು. ವಯಲಿನ್, ಅದಕ್ಕಿಂತ ತುಸು ದೊಡ್ಡ ವಿಯೋಲ, ಚೆಲ್ಲೊ. ನಾಲ್ಕು ಭಾಗ, ಆಲ್ಪ್ಸ್ ಬೆಟ್ಟದ ಮೋಡಗಳು. ಸ್ವರ ಎಲ್ಲಿ ಮುಗಿದು ಬೋ ಉಸಿರು ಎಲ್ಲಿ ಶುರು ಅಂತ ಗೊತ್ತಾಗಲ್ಲ. ನೋಟ್ಸ್ ಹೊರದೇಶದಿಂದ ತರಿಸಿದೆವು, ಸಾಗಾಟ ಸೇರಿ 7,400. ಸುಂಕ ಬೇರೆ. ಪೊಟ್ಟಣ ಒದ್ದೆಯಾಗಿ ಬಂತು, ವಿಯೋಲದ ಎರಡು ಪುಟ ಅಂಟಿಕೊಂಡಿದ್ದವು.

ಹಿಮದೂರಿನ ಕನ್ನಡಿಗ: ಒಂದು ಜೆರಾಕ್ಸ್ ಪ್ರತಿ ಸಾಕಿತ್ತು.

ನಾಲ್ಕನೇ ತಂತಿ: ಸಾಕಿತ್ತಾ? ಸಾರಿಯಾಹೊ ತೀರಿಕೊಂಡದ್ದು 2023ರಲ್ಲಿ. ನಮ್ಮ ಕಾನೂನಿನಲ್ಲಿ ಅಲ್ಲಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬುಲಾಂಜೆ, ಬೀಚ್ ಪುಕ್ಕಟೆ ಸಿಗುತ್ತಾರೆ ಅಂತ ಎಲ್ಲರೂ ಅವರನ್ನೇ ನುಡಿಸುವುದು. ಬದುಕಿದ್ದಾಗ ಕೇಳಲ್ಲ, ಸತ್ತು ಪುಕ್ಕಟೆಯಾದ ಮೇಲೆ ಹೂವು.

ಹಲಸಿನಮರ: ಪಿಯಾನೊ ಬಿಟ್ಟರೆ ಜಗಳ ಇಲ್ಲ ಅಂತೆ! ಜಗಳ ಯಾವತ್ತೂ ತಂತಿಯವರದ್ದೇ. ಶ್ರುತಿ ಮಾಡಲು ಇಪ್ಪತ್ತು ನಿಮಿಷ, ಆಮೇಲೆ ಪಿಯಾನೊ ಮೇಲೆ ತಪ್ಪು.

ಕಾರಂಜಿಕೆರೆ: ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ವಿಯೋಲ ಇಲ್ಲ. ಬೊನಿಸ್ ಚೆಲ್ಲೊ ಭಾಗ ಐದನೇ ಗ್ರೇಡ್‌ನವರಿಗೆ ಆಗುತ್ತದಾ?

ಚೆಲ್ಲೊಕೂಲಿ: ಶ್ರುತಿಗೆ ಇಪ್ಪತ್ತು ನಿಮಿಷ ಆಗಿದ್ದು ಮಳೆಗೆ ಬಿರಡೆ ಉಬ್ಬಿತ್ತು ಅಂತ. ವಾದ್ಯ ಹೊತ್ತು ಬಸ್ಸು ಹತ್ತಿದವನಿಗೇ ಗೊತ್ತು. ಒಂದೂವರೆ ಟಿಕೆಟ್ ಕೊಟ್ಟು ಓಡಾಡಿದ್ದೇನೆ.

ಹಲಸಿನಮರ: ಆ ಅರ್ಧ ಟಿಕೆಟ್ ದುಡ್ಡು ನನ್ನಿಂದ ಇಸ್ಕೊಂಡಿರಿ. ಇನ್ನೂ ವಾಪಸ್ ಬಂದಿಲ್ಲ.