ನಿಂತ ಗುರಿಯ ಕೋನ ಸರಿ, ಚಲಿಸುವ ಕಾರಿನ ಕೋನ ಏಕೆ ತಪ್ಪು?

ಪ್ರಶ್ನೆ:
ಎರಡು ಪ್ರಸಾರಕ ಮತ್ತು ನಾಲ್ಕು ಗ್ರಾಹಕ ಆಂಟೆನಾಗಳಿರುವ 77 ಗಿಗಾಹರ್ಟ್ಸ್ ರೇಡಾರ್ ಬೋರ್ಡನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ವಾಹನಗಳ ಸ್ಥಾನವನ್ನು ಅಳೆಯುತ್ತಿದ್ದೇನೆ. ಪ್ರಸಾರಕಗಳು ಸರದಿಯಂತೆ 50 ಮೈಕ್ರೋಸೆಕೆಂಡಿಗೊಂದು ಚಿರ್ಪ್ (ಆವರ್ತನ ಬದಲಾಗುತ್ತ ಸಾಗುವ ಕಿರು ಸಂಕೇತ) ಕಳಿಸುವುದರಿಂದ, ಪ್ರತಿ ಪ್ರಸಾರಕ-ಗ್ರಾಹಕ ಜೋಡಿಗೆ ಒಂದರಂತೆ ಎಂಟು ವರ್ಚುಯಲ್ (ಲೆಕ್ಕದಲ್ಲಷ್ಟೇ ಇರುವ) ಆಂಟೆನಾಗಳ ಸಾಲು ದೊರೆಯುತ್ತದೆ. ಮೂರು ತಗಡುಗಳನ್ನು ಜೋಡಿಸಿ ಮಾಡಿದ, ಅಲೆಯನ್ನು ಬಂದ ದಿಕ್ಕಿಗೇ ಮರಳಿಸುವ ಕಾರ್ನರ್ ರಿಫ್ಲೆಕ್ಟರನ್ನು ಮೈದಾನದಲ್ಲಿ ಎಲ್ಲಿಟ್ಟರೂ ಕೋನ ಸರಿಯಾಗಿಯೇ ಬರುತ್ತದೆ. ಆದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ನನ್ನತ್ತ ಬರುವ ಕಾರು, 30 ಮೀಟರ್ ದೂರದಲ್ಲಿದ್ದಾಗ ಪಕ್ಕದ ಪಥದಲ್ಲಿರುವಂತೆ ಕಾಣುತ್ತದೆ. ಆಂಟೆನಾಗಳನ್ನು ಹೆಚ್ಚಿಸುವುದೊಂದೇ ದಾರಿಯೇ?

ಉತ್ತರ 1:
ಆಂಟೆನಾಗಳ ಸಂಖ್ಯೆ ಇಲ್ಲಿ ಕಾರಣವಲ್ಲ. ಅರ್ಧ ತರಂಗದೂರದ ಅಂತರದಲ್ಲಿರುವ ಎಂಟು ಆಂಟೆನಾಗಳು ಎರಡು ಗುರಿಗಳನ್ನು ಬೇರ್ಪಡಿಸಬೇಕಾದರೆ ಅವುಗಳ ನಡುವೆ ಸುಮಾರು 14 ಡಿಗ್ರಿ ಇರಬೇಕು ಎಂಬುದು ನಿಜ. ಆದರೆ ಒಂಟಿ ಗುರಿಯ ಕೋನವನ್ನು ಅವು ಅದಕ್ಕಿಂತ ಎಷ್ಟೋ ನಿಖರವಾಗಿ ಹೇಳಬಲ್ಲವು, ನಿಮ್ಮ ರಿಫ್ಲೆಕ್ಟರೇ ಅದಕ್ಕೆ ಸಾಕ್ಷಿ. ತೊಂದರೆಯಿರುವುದು ಸರದಿಯಲ್ಲಿ. ಮೊದಲ ಪ್ರಸಾರಕದ ಚಿರ್ಪಿಗೂ ಎರಡನೆಯದರ ಚಿರ್ಪಿಗೂ ನಡುವಿನ 50 ಮೈಕ್ರೋಸೆಕೆಂಡಿನಲ್ಲಿ ನಿಮ್ಮ ಕಾರು ಅರ್ಧ ಮಿಲಿಮೀಟರ್ ಮುಂದೆ ಬಂದಿರುತ್ತದೆ. ತರಂಗದೂರವೇ 3.9 ಮಿಲಿಮೀಟರ್; ಹೋಗಿಬರುವ ದಾರಿ ಒಂದು ಮಿಲಿಮೀಟರ್ ಕಡಿಮೆಯಾಯಿತೆಂದರೆ ಫೇಸ್ (ಅಲೆ ತನ್ನ ಆವರ್ತದಲ್ಲಿ ಎಲ್ಲಿದೆ ಎಂಬುದು; ಒಂದು ಪೂರ್ಣ ತರಂಗದೂರಕ್ಕೆ 360 ಡಿಗ್ರಿ) ಸುಮಾರು 92 ಡಿಗ್ರಿ ಜರುಗಿತು. ಸಾಲಿನ ಕೊನೆಯ ನಾಲ್ಕು ಆಂಟೆನಾಗಳಲ್ಲಿ ಮೂಡುವ ಈ ಮೆಟ್ಟಿಲನ್ನು ಎಫ್‌ಎಫ್‌ಟಿ (ಆಂಟೆನಾಗಳ ನಡುವಿನ ಫೇಸ್ ವ್ಯತ್ಯಾಸದಿಂದ ಕೋನ ಕಂಡುಹಿಡಿಯುವ ಲೆಕ್ಕ) ಕೋನವೆಂದೇ ಓದಿಕೊಳ್ಳುತ್ತದೆ. ಐದಾರು ಡಿಗ್ರಿ ವಾಲಿದರೂ 30 ಮೀಟರಿನಲ್ಲಿ ಅದು ಸುಮಾರು ಮೂರು ಮೀಟರ್. ಆದ್ದರಿಂದ ಡಾಪ್ಲರ್‌ನಿಂದ (ಚಲನೆಯಿಂದ ಪ್ರತಿಫಲಿತ ಅಲೆಯ ಆವರ್ತನದಲ್ಲಾಗುವ ಬದಲಾವಣೆಯಿಂದ) ತಿಳಿದ ವೇಗಕ್ಕೆ ತಕ್ಕ ಫೇಸನ್ನು ಎರಡನೆಯ ಪ್ರಸಾರಕದ ನಾಲ್ಕು ಮಾದರಿಗಳಿಂದ ಕಳೆದು, ಅನಂತರವೇ ಕೋನವನ್ನು ಲೆಕ್ಕಹಾಕಿ.

ಉತ್ತರ 2:
ಈ ಸಲಹೆ ಸರಿಯಾಗಿದೆ, ಆದರೆ 36 ಕಿ.ಮೀ. ವೇಗದಲ್ಲಿ ಇದೊಂದೇ ಸಾಲದು. ಒಂದೇ ಪ್ರಸಾರಕದ ಸರದಿ 100 ಮೈಕ್ರೋಸೆಕೆಂಡಿಗೊಮ್ಮೆ ಬರುವುದರಿಂದ, ನೀವು ಗೊಂದಲವಿಲ್ಲದೆ ಅಳೆಯಬಹುದಾದ ವೇಗ ಗಂಟೆಗೆ ಸುಮಾರು 35 ಕಿ.ಮೀ. ಮಾತ್ರ. ಅದನ್ನು ದಾಟಿದ ಕಾರು ದೂರ ಸರಿಯುತ್ತಿರುವಂತೆ ತೋರುತ್ತದೆ. ಆ ತಪ್ಪು ವೇಗವನ್ನು ನಂಬಿ ಫೇಸ್ ಕಳೆದರೆ ನಿಖರವಾಗಿ 180 ಡಿಗ್ರಿ ತಪ್ಪು ಉಳಿದು, ಕೋನದ ನಕ್ಷೆಯಲ್ಲಿ ನಿಜವಾದ ಕೋನದ ಜಾಗದಲ್ಲಿ ಕುಳಿ ಬಿದ್ದು, ಅದರ ಎರಡೂ ಬದಿಗೆ ಒಂದೊಂದು ಶಿಖರ ಏಳುತ್ತದೆ. ಹಾಗಾಗಿ 180 ಡಿಗ್ರಿ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಲೆಕ್ಕಮಾಡಿ, ಎತ್ತರವಾದ ಒಂದೇ ಒಂದು ಶಿಖರ ಬಂದದ್ದನ್ನು ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಳಿಸಿಟ್ಟಿದ್ದ ದತ್ತಾಂಶದಲ್ಲಿ ಮೊದಲು ಎರಡು ಶಿಖರಗಳು ಕಂಡವು. 180 ಡಿಗ್ರಿ ಸೇರಿಸಿದೊಡನೆ ಅವು ಕೂಡಿಕೊಂಡು ಕಾರು ತನ್ನ ಪಥಕ್ಕೆ ಮರಳಿತು. ಒಂದೇ ವೇಗದಲ್ಲಿ ಜೊತೆಜೊತೆಯಾಗಿ ಬರುವ ಎರಡು ಸ್ಕೂಟರುಗಳು ಮಾತ್ರ ಇನ್ನೂ ಒಂದಾಗಿಯೇ ಕಾಣುತ್ತಿವೆ.

ಉತ್ತರ 1:
14 ಡಿಗ್ರಿ ಎಂದರೆ 30 ಮೀಟರಿನಲ್ಲಿ ಏಳೂವರೆ ಮೀಟರ್. ಅವುಗಳನ್ನು ಬೇರ್ಪಡಿಸಲು ಮಾತ್ರ ನಿಜಕ್ಕೂ ಹೆಚ್ಚಿನ ಆಂಟೆನಾಗಳೇ ಬೇಕು.