ಪಿಯಾನೊಗೆ ಕ್ರೊಮ್ಯಾಟಿಕ್ ಫ್ಯೂಗ್: ಎರಡನೇ ವಾಯ್ಸ್ ಬಂದ ತಕ್ಷಣ ಎಲ್ಲಾ ಕಲಸುಮೇಲೋಗರ

ಬೆರಳುನೋವು:
ಡಿ ಮೈನರ್‌ನಲ್ಲಿ ನಾಲ್ಕು ವಾಯ್ಸ್ ಫ್ಯೂಗ್ (ಒಂದೇ ಧಾಟಿನ ಒಂದೊಂದು ವಾಯ್ಸ್, ಅಂದ್ರೆ ಸ್ವರಸಾಲು, ಒಂದರ ಹಿಂದೊಂದು ಎತ್ತಿಕೊಳ್ಳೋ ರಚನೆ) ಬರೀತಿದೀನಿ, ಸೋಲೋ ಪಿಯಾನೊಗೆ. ಸಬ್ಜೆಕ್ಟು (ಆ ಮೂಲ ಧಾಟಿ) ಡಿ ಇಂದ ಎ ವರೆಗೆ ಎಂಟು ಸ್ವರ, ಅರ್ಧರ್ಧ ಸ್ವರ (ಸೆಮಿಟೋನ್) ಒಂದೂ ಬಿಡದೆ ಹತ್ತುತ್ತೆ, ಅದೇ ಕ್ರೊಮ್ಯಾಟಿಕ್, ಎಲ್ಲಾ ಕ್ವೇವರ್ (ಒಂದೇ ಅಳತೆಯ ಚಿಕ್ಕ ಸ್ವರ). ಒಂಟಿಯಾಗಿ ಸಖತ್ತಾಗಿದೆ, ಆದ್ರೆ ಆನ್ಸರ್ (ಎರಡನೇ ವಾಯ್ಸ್ ಅದೇ ಸಬ್ಜೆಕ್ಟ್ ಎತ್ತೋದು) ಬಂದು ಕೆಳಗೆ ಕೌಂಟರ್‌ಸಬ್ಜೆಕ್ಟ್ (ಅದಕ್ಕೆ ಜೊತೆಯಾಗೋ ಎದುರು ಧಾಟಿ) ಇಳಿಯೋಕೆ ಶುರು ಮಾಡಿದ್ರೆ (ಅದೂ ಸೆಮಿಟೋನಲ್ಲೇ) ಯಾವ ಕೀನಲ್ಲಿ (ಯಾವ ಆಧಾರ ಸ್ವರದ ಸ್ಕೇಲಲ್ಲಿ) ಇದೀನಿ ಅಂತ ನಂಗೇ ಗೊತ್ತಾಗಲ್ಲ. ಜೊತೆಗೆ ಕಂಪ್ಯೂಟರ್ ನುಡಿಸುತ್ತೆ, ಆದ್ರೆ ನನ್ನ ಕೈಗೆ ಟೆನರ್ (ಕೆಳಗಿಂದ ಎರಡನೇ ವಾಯ್ಸ್) ಎಟಕಲ್ಲ.

ಹಳೇಪಿಯಾನೊ:
ಎಡವಟ್ಟು ಸಬ್ಜೆಕ್ಟಲ್ಲೇ ಇದೆ. ಎಂಟು ಸ್ವರ ಸಾಲಾಗಿ ಒಂದೇ ಅಳತೇಲಿ ಬಂದ್ರೆ ಅದು ಬರೀ ಸ್ಕೇಲು, ಮೂರನೇ ಸಲ ಬಂದಾಗ ಕಿವಿ ಏನು ನೋಡಿ ಗುರುತು ಹಿಡೀಬೇಕು? ಬಾಖ್‌ನ ಕ್ರೊಮ್ಯಾಟಿಕ್ ಫ್ಯಾಂಟಸಿ ಅಂಡ್ ಫ್ಯೂಗ್ ತೆಗೀರಿ, ಅದೂ ಡಿ ಮೈನರೇ, ಮೂರೇ ವಾಯ್ಸು. ಎ, ಬಿ ಫ್ಲಾಟ್, ಬಿ, ಸಿ, ನಾಲ್ಕು ಸ್ವರ ಹತ್ತಿ ಅಲ್ಲಿಗೆ ಏರಿಕೆ ಮುರೀತಾನೆ. ಅದಕ್ಕಿಂತ ನಂಗಿಷ್ಟ ಅವನದೇ ವೆಲ್ ಟೆಂಪರ್ಡ್ ಕ್ಲೇವಿಯರ್ ಸಂಗ್ರಹದ ಮೊದಲ ಭಾಗದ (1722) ಇ ಮೈನರ್ ಫ್ಯೂಗು. ಇ ಇಂದ ಅರ್ಧರ್ಧ ಸ್ವರ ಇಳೀತಾ ಹೋಗುತ್ತೆ, ಆದ್ರೆ ಪ್ರತಿ ಹೆಜ್ಜೆಗೂ ಮೇಲಿನ ಇ ಮುಟ್ಟಿ ಬರುತ್ತೆ: ಡಿ ಶಾರ್ಪ್, ಇ, ಡಿ, ಇ, ಸಿ ಶಾರ್ಪ್, ಇ, ಸಿ, ಇ. ತಂಬೂರಿ ಷಡ್ಜ ಇದ್ದಂಗೆ, ಎಷ್ಟು ಜಾರಿದ್ರೂ ಶ್ರುತಿ ಕೈಬಿಡಲ್ಲ.

ರಾತ್ರಿರಿಯಾಜ್:
ಎರಡೂ ವಾಯ್ಸ್ ಒಟ್ಟಿಗೆ ಜಾರಬಾರ್ದು ಗುರೂ. ಸಬ್ಜೆಕ್ಟ್ ಜಾರ್ತಿದ್ರೆ ಕೌಂಟರ್‌ಸಬ್ಜೆಕ್ಟ್ ಡಿ ಮೈನರ್ ಸ್ಕೇಲಲ್ಲೇ ಗಟ್ಟಿಯಾಗಿ ನಿಲ್ಲಲಿ, ಅಲ್ಲಲ್ಲಿ ಹಾರಲಿ, ಲಯಾನೂ ಬೇರೆ ಇರಲಿ. ಬರೆದ ತಕ್ಷಣ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಮಾಡಿ ನುಡಿಸಿ ನೋಡಿ, ಅದಲು ಬದಲು ಆದಾಗ ಫಿಫ್ತ್ (ಐದು ಸ್ವರದ ಅಂತರ) ಹೋಗಿ ಫೋರ್ತ್ (ನಾಲ್ಕರ ಅಂತರ) ಆಗುತ್ತೆ, ಆಗ ಇಂಪಾಗಿದ್ದೇ ಕಿರಿಕಿರಿ ಆಗೋದು. ಟೆನರ್ ಅಂತೂ ಹೆಬ್ಬೆರಳುಗಳ ಕೆಲಸ, ಎಡಗೈಯಿಂದ ಬಲಗೈಗೆ ದಾಟಿಸ್ಬೇಕು, ಎಟಕದ ಕಡೆ ಸುಮ್ನೆ ರೆಸ್ಟ್ ಕೊಡಿ. ಆರ್ಗನ್ ಥರ ಬೇಸ್ ನುಡಿಸೋಕೆ ಕಾಲು ಇಲ್ವಲ್ಲ ಇಲ್ಲಿ! ನನ್ನ ಕೇಳಿದ್ರೆ ಮೂರು ವಾಯ್ಸೇ ಸಾಕು.

ಸೆಮಿಟೋನ್_ಸುಬ್ಬ:
ಮೂರು ಸಾಕು ಅನ್ನೋದು ಒಪ್ಪಲ್ಲ. ಅದೇ ಮೊದಲ ಭಾಗದ ಕೊನೇ ಫ್ಯೂಗು, ಬಿ ಮೈನರು, ಸಬ್ಜೆಕ್ಟಲ್ಲೇ 12 ಸ್ವರಾನೂ ಬರುತ್ತೆ, ವಾಯ್ಸ್ ನಾಲ್ಕು. ಆದ್ರೆ ಮೇಲೆ ಲಾರ್ಗೊ (ತುಂಬಾ ನಿಧಾನ) ಅಂತ ಬರ್ದಿದಾನೆ. ನಿಮ್ದು ಸ್ಪೀಡ್ ಎಷ್ಟು?

ಬೆರಳುನೋವು:
ಸ್ಪೀಡ್ ಕೇಳ್ಬೇಡಿ ಸಾರ್, ಕುದುರೆ ಓಟ. ಇವತ್ತು ಅರ್ಧಕ್ಕೆ ಇಳಿಸ್ದೆ. ಸಬ್ಜೆಕ್ಟ್‌ನ ಎಫ್‌ಗೆ ನಿಲ್ಲಿಸಿ ಕೆಳಗಿನ ಸಿ ಶಾರ್ಪ್‌ಗೆ ಬೀಳ್ಸಿ ಡಿಗೆ ತಂದೆ, ಈಗ ಆನ್ಸರ್ ಬಂದಿದ್ದು ಕೇಳ್ಸುತ್ತೆ. ಟೆನರ್ ದಾಟಿಸೋ ಕಡೆ ಮಾತ್ರ ಎರಡು ಹೆಬ್ಬೆರಳೂ ಒಂದೇ ಕೀಗೆ ಗುದ್ದಾಡ್ತಿವೆ, ಫಿಂಗರಿಂಗ್ (ಯಾವ ಸ್ವರಕ್ಕೆ ಯಾವ ಬೆರಳು) ಬರ್ದು ನಾಳೆ ಹಾಕ್ತೀನಿ.