ಅಪವರ್ತನ, ಅಪವರ್ತ್ಯ: ಮಕ್ಕಳ ಬಾಯಿಗೆ ಒಗ್ಗುವ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಆರನೇ ತರಗತಿಗೆ ಕನ್ನಡದಲ್ಲೇ ಗಣಿತ ಹೇಳಿಕೊಡುತ್ತೇನೆ. ಒಂದು ಜೋಡಿ ಪದ ಪ್ರತಿ ವರ್ಷ ಕಾಟ ಕೊಡುತ್ತಿದೆ: ಅಪವರ್ತನ (ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ, factor) ಮತ್ತು ಅಪವರ್ತ್ಯ (ಆ ಸಂಖ್ಯೆಯ ಮಗ್ಗಿಯಲ್ಲಿ ಬರುವ ಸಂಖ್ಯೆ, multiple).

ಕಳೆದ ವಾರ ಅಪವರ್ತನ ವೃಕ್ಷ, ಅಂದರೆ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುತ್ತಾ ಹೋಗುವ ಮರದಂಥ ಚಿತ್ರ, ಶುರು ಮಾಡಿದೆ. ಬೋರ್ಡಿನ ಮೇಲ್ಗಡೆ 60 ಬರೆದು, ಕೆಳಕ್ಕೆ ಎರಡು ಗೀಟು ಎಳೆದು, "ಇದರ ಎರಡು ಅಪವರ್ತನ ಬರೀರಿ" ಅಂದೆ. ಒಬ್ಬಳು ಎದ್ದು ಬಂದು ಒಂದು ಗೀಟಿನ ತುದಿಗೆ 120, ಇನ್ನೊಂದಕ್ಕೆ 180 ಬರೆದಳು. ಲೆಕ್ಕ ಬಾರದ ಹುಡುಗಿಯಲ್ಲ. ಅಪವರ್ತ್ಯ ಬರೆದಿದ್ದಳು, ಅಷ್ಟೇ. ಕೊನೆಯ ಅಕ್ಷರವೊಂದು ಬಿಟ್ಟರೆ ಎರಡೂ ಪದ ಒಂದೇ ಥರ ಕೇಳಿಸುತ್ತವೆ, ಅರ್ಥ ಮಾತ್ರ ತದ್ವಿರುದ್ಧ. ಸಾಲದ್ದಕ್ಕೆ ಮಹತ್ತಮ ಸಾಮಾನ್ಯ ಅಪವರ್ತನ, ಲಘುತ್ತಮ ಸಾಮಾನ್ಯ ಅಪವರ್ತ್ಯ ಇವನ್ನು ಮ.ಸಾ.ಅ., ಲ.ಸಾ.ಅ. ಅಂತ ಚಿಕ್ಕದು ಮಾಡುತ್ತೇವೆ. ಮೊದಲನೆಯದರ 'ಅ' ಅಪವರ್ತನ, ಎರಡನೆಯದರ 'ಅ' ಅಪವರ್ತ್ಯ. ಮಕ್ಕಳು ಏನು ಮಾಡಬೇಕು ಹೇಳಿ!

ಪದದ ಮೂಲ ನೋಡಿದರೆ ತಪ್ಪೇನಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರ ಲೀಲಾವತಿ ಎಂಬ ಗಣಿತ ಗ್ರಂಥದಲ್ಲಿ ಕುಟ್ಟಕದ (ಪೂರ್ಣಾಂಕ ಉತ್ತರ ಹುಡುಕುವ ಒಂದು ವಿಧಾನ) ಸೂತ್ರ ಶುರುವಾಗುವುದೇ ಭಾಜ್ಯ (ಭಾಗಿಸಬೇಕಾದ ಸಂಖ್ಯೆ), ಹಾರ (ಯಾವುದರಿಂದ ಭಾಗಿಸುತ್ತೇವೋ ಅದು), ಕ್ಷೇಪಕ (ಕೂಡಿಸುವ ಸಂಖ್ಯೆ) ಮೂರೂ 'ಅಪವರ್ತ್ಯ' ಅನ್ನುವ ಮಾತಿನಿಂದ. ಅಂದರೆ ಮೂರನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಚಿಕ್ಕದು ಮಾಡಿಕೊಳ್ಳಬೇಕು ಅಂತ. ನಾವು 12/18 ಅನ್ನು 6ರಿಂದ ಹೊಡೆದು 2/3 ಮಾಡುತ್ತೇವಲ್ಲ, ಅದೇ ಕೆಲಸ. ಭಾಗಿಸಬೇಕಾದದ್ದು ಭಾಜ್ಯವಾದ ಹಾಗೆ, ಹೀಗೆ ಕಿರಿದು ಮಾಡಬೇಕಾದದ್ದು ಅಪವರ್ತ್ಯ. ಸಂಸ್ಕೃತ ಬಲ್ಲವರಿಗೆ ಇದು ಸಲೀಸು. ಹನ್ನೊಂದು ವರ್ಷದ ಮಕ್ಕಳಿಗಲ್ಲ.

'ಭಾಜಕ' ಬಳಸಿ ನೋಡಿದೆ. ಆಗಲಿಲ್ಲ. 60ನ್ನು 7ರಿಂದ ಭಾಗಿಸಿದರೆ ಶೇಷ 4 ಉಳಿಯುತ್ತದೆ, ಆದರೂ ಆ ಲೆಕ್ಕದಲ್ಲಿ 7 ಭಾಜಕವೇ. 'ಗುಣಕ' ಪರವಾಗಿಲ್ಲ, ಆದರೆ ಮುಂದೆ ಬೀಜಗಣಿತದಲ್ಲಿ 'ಸಹಗುಣಕ' (5xನಲ್ಲಿ xನ ಮುಂದಿನ 5ರಂಥದ್ದು) ಬಂದಾಗ ಮತ್ತೆ ಗಲಿಬಿಲಿ.

ಕೊನೆಗೆ ದಾರಿ ತೋರಿಸಿದ್ದು ಮಗ್ಗಿ. "60 ಯಾವ್ಯಾವ ಮಗ್ಗಿಯಲ್ಲಿ ಬರುತ್ತೆ?" ಅಂತ ಕೇಳಿದರೆ ಸಿಗುವುದು ಅಪವರ್ತನ. "60ರ ಮಗ್ಗಿಯಲ್ಲಿ ಏನೇನು ಬರುತ್ತೆ?" ಅಂದರೆ ಅಪವರ್ತ್ಯ. ಹೀಗೆ ಕೇಳಿದ ಮೇಲೆ ಯಾರೂ 120 ಬರೆಯಲಿಲ್ಲ. ಒಬ್ಬ 6, 10 ಅಂದ, ಇನ್ನೊಬ್ಬ 4, 15 ಅಂದ. ಎರಡು ಮರವನ್ನೂ ಅಕ್ಕಪಕ್ಕ ಬೆಳೆಸಿದೆವು. ಎರಡರ ತುದಿಯಲ್ಲೂ 2, 2, 3, 5 ಬಂದಾಗ ತರಗತಿಯಲ್ಲಿ ಗಲಾಟೆಯೋ ಗಲಾಟೆ. ಮಗ್ಗಿಗೂ ಒಂದು ತೊಡಕಿದೆ ಅನ್ನಿ. ಏಳರ ಮಗ್ಗಿ ಎಪ್ಪತ್ತಕ್ಕೆ ನಿಲ್ಲುತ್ತದೆ, ಹದಿಮೂರರ ಮಗ್ಗಿ ಜಾಸ್ತಿ ಜನಕ್ಕೆ ಬಾಯಿಗೆ ಬರುವುದಿಲ್ಲ. ಹಾಗಾಗಿ 91 (ಅಂದರೆ 7 × 13) ಅವಿಭಾಜ್ಯ ಅಂತ ಅರ್ಧ ತರಗತಿ ವಾದ ಮಾಡಿತು.

ಆದರೆ 'ಯಾವ ಮಗ್ಗಿಯಲ್ಲಿ ಬರುತ್ತೆ' ಎನ್ನುವುದು ವಾಕ್ಯ. ನನಗೆ ಬೇಕಾದದ್ದು ಒಂದು ನಾಮಪದ, ನೋಟ್ಸ್ ಪುಸ್ತಕದಲ್ಲಿ ಬರೆಸಲು. ನಿಮ್ಮ ಕಡೆ ಹಳೇ ಮೇಷ್ಟ್ರುಗಳು, ಲೆಕ್ಕದ ಅಜ್ಜಂದಿರು ಇದಕ್ಕೆ ಏನಾದರೂ ಅನ್ನುತ್ತಿದ್ದರಾ?

ಇನ್ನೊಂದು ಚಿಕ್ಕ ಪ್ರಶ್ನೆ. ಈ ಮರ ತಲೆಕೆಳಗು, ಕೆಳಕ್ಕೆ ಬೆಳೆಯುತ್ತದೆ. ಕೊನೆಗೆ ಉಳಿಯುವ ಅವಿಭಾಜ್ಯಗಳನ್ನು ನಾನು 'ಎಲೆ' ಅನ್ನುತ್ತಿದ್ದೆ. ಹಿಂದಿನ ಬೆಂಚಿನವನೊಬ್ಬ, "ಸಾರ್, ಕೆಳಗೆ ಇಳಿಬಿದ್ದಿದೆ, ಆಲದ ಮರದ ಬಿಳಲು ಅಲ್ವಾ?" ಅಂದ. ಅವತ್ತಿಂದ ನಮ್ಮ ತರಗತಿಯಲ್ಲಿ 60ಕ್ಕೆ ನಾಲ್ಕು ಬಿಳಲು. 'ಬಿಳಲು' ಎಲ್ಲ ಕಡೆಯ ಮಕ್ಕಳಿಗೂ ಗೊತ್ತಾಗುವ ಮಾತಾ, ಅಥವಾ ನಿಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆಯಾ?